ಲೀಟಾ ಆರಿಸಿದ ಗುಂಡುಗಳು

ಲೀಟಾ ಬ್ರಾಕೆಟ್ ತೀರಿಕೊಂಡಾಗ ಅವಳ ಬಗ್ಗೆ ನಾಲ್ಕು ಮಾತು ಆಡು ಎಂದು ಪಾದ್ರಿ ನನ್ನನ್ನು ಕೇಳಿದ್ದರು. ಒಳ್ಳೆಯ ನೆರೆಯವಳು, ಕುದುರೆಗಳೆಂದರೆ ಜೀವ ಬಿಡುತ್ತಿದ್ದಳು ಎಂದಿಷ್ಟು ಹೇಳಿ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಬೇರೆಯೇ ಇತ್ತು. ಆದರೆ ಅದನ್ನು ಕೇಳಿ ಕುಗ್ಗಿಹೋಗುವ ಮನುಷ್ಯನೊಬ್ಬ ಆಗ ಬದುಕಿದ್ದ. ಹೋದ ವರ್ಷ ಅವನೂ ಹೋದ. ಈಗ ಹೇಳಿದರೆ ಯಾರಿಗೂ ನೋವಿಲ್ಲ, ನನ್ನೊಬ್ಬನನ್ನು ಬಿಟ್ಟು.

ಇಡಾಹೋದ ಈ ಕಣಿವೆಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೇಲಿ ತಂತಿ, ಲಾಟೀನು, ದನದ ಉಪ್ಪು ಎಲ್ಲ ಮಾರುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಕೋವಿ ರಿಪೇರಿ. ಲೀಟಾಳ ಗಂಡ ಹಾಲಿಸ್ ಬ್ರಾಕೆಟ್ ನನ್ನ ಜೊತೆ ಶಾಲೆಗೆ ಬಂದವನು. ಉದ್ದ ಕಾಲಿನ, ನಿಧಾನ ಮಾತಿನ ಮನುಷ್ಯ. ಕಣಿವೆಯ ಮೇಲ್ತುದಿಯಲ್ಲಿ ಅವನ ದನದ ಜಮೀನು. ಅದಕ್ಕೆ ತಾಗಿಕೊಂಡೇ ತಮ್ಮ ರಾಯ್ಸ್‌ನ ಜಮೀನು. ಅಣ್ಣತಮ್ಮಂದಿರು ಎಷ್ಟು ಹೊಂದಿಕೊಂಡಿದ್ದರೆಂದರೆ ನಡುವಿನ ಬೇಲಿ ಬಿದ್ದುಹೋದರೂ ಎತ್ತಿ ಕಟ್ಟಿರಲಿಲ್ಲ. ಲೀಟಾ ಭಾನುವಾರ ಅಡುಗೆ ಮಾಡಿದರೆ ಮೂರು ತಟ್ಟೆ ಇಡುತ್ತಿದ್ದಳು. ರಾಯ್ಸ್‌ಗೆ ಮದುವೆಯಾಗಿರಲಿಲ್ಲ, ಇವರಿಗೆ ಮಕ್ಕಳಿರಲಿಲ್ಲ.

ಹಾಲಿಸ್ ಬಳಿ ಅಜ್ಜನ ಕಾಲದ ರಿವಾಲ್ವರ್ ಒಂದಿತ್ತು. ಹಳೇ ಮಾದರಿಯದು. ಪ್ರತಿ ಸಲ ಹಿಂದಿನ ಕೊಕ್ಕೆಯನ್ನು ಹೆಬ್ಬೆರಳಿನಿಂದ ಎಳೆದರೇನೇ ತೋಟೆಗಳನ್ನು ಹಿಡಿದ ಉರುಳೆ ತಿರುಗಿ ಮುಂದಿನ ತೋಟೆ ನಳಿಗೆಯ ಎದುರಿಗೆ ಬರುವುದು. ಬೆಟ್ಟಕ್ಕೆ ದನ ಹೊಡೆದುಕೊಂಡು ಹೋಗುವವರು ಅಂಥದ್ದೊಂದನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಾರೆ. ಹಾವು, ಕರಡಿ ಎಂದು ಬಾಯಲ್ಲಿ ಹೇಳಿದರೂ ನಿಜವಾದ ಕಾರಣ ಕುದುರೆ. ಕಾಲು ಮುರಿದ ಕುದುರೆಯನ್ನು ಬೆಟ್ಟದ ಮೇಲೆ ನರಳಲು ಬಿಟ್ಟು ಬರುವಂತಿಲ್ಲ.

ಖರ್ಚಾದ ಹಿತ್ತಾಳೆ ಚಿಪ್ಪಿಗೆ ಹೊಸ ಮದ್ದು ತುಂಬಿ, ಬಾಯಿಗೆ ಹೊಸ ಗುಂಡು ಕೂರಿಸಿ ತೋಟೆ ಮಾಡಿಕೊಳ್ಳುವುದು ನಮ್ಮಲ್ಲಿ ಚಳಿಗಾಲದ ಕೆಲಸ. ಹಾಲಿಸ್ ಅಡುಗೆಮನೆಯ ಮೂಲೆಯಲ್ಲೇ ಕೂತು ಮಾಡುತ್ತಿದ್ದ. ಯಾವಾಗಲೂ ನನ್ನ ಅಂಗಡಿಯ ಸೀಸದ ಗುಂಡನ್ನೇ ಒಯ್ಯುತ್ತಿದ್ದ. ಆ ವರ್ಷ ಮಾತ್ರ ರಾಯ್ಸ್ ಎಲ್ಲಿಂದಲೋ ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮಿಕ್ಕಿದ ಗುಂಡುಗಳ ಮೂಟೆಯನ್ನೇ ತಂದ. ತಾಮ್ರದ ಹೊದಿಕೆಯ, ಕನ್ನಡಿಯಂತೆ ನುಣುಪಾದ ಗುಂಡುಗಳು. ಬೇರೆ ಜಾತಿಯ ಪಿಸ್ತೂಲಿಗೆಂದು ಮಾಡಿದವು. ಊರಿಗೆಲ್ಲ ತೋರಿಸಿಕೊಂಡು ಬಂದು ಅರ್ಧ ಅಣ್ಣನಿಗೆ ಕೊಟ್ಟ. ನನ್ನ ಅಂಗಡಿಗೂ ತಂದು, "ನೋಡು ಆರ್ಲೊ, ಇನ್ಮೇಲೆ ನಿನ್ನ ಸೀಸ ನೀನೇ ತಿನ್ನು" ಅಂದ. ಎಲ್ಲರೂ ನಕ್ಕೆವು.

ಆ ಶರತ್ಕಾಲದಲ್ಲಿ ಹಾಲಿಸ್, ಲೀಟಾ ಇಬ್ಬರೇ ಮೇಲಿನ ಹುಲ್ಲುಗಾವಲಿನಿಂದ ದನ ಇಳಿಸಲು ಹೋದರು. ರಾಯ್ಸ್ ಕೆಳಗೆ ದೊಡ್ಡಿಯ ಹತ್ತಿರ ಕಾಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಲೀಟಾ ಒಬ್ಬಳೇ ಇಳಿದು ಬಂದಳು. ಕೋಟಿನ ತೋಳೆಲ್ಲ ರಕ್ತ. ಕಲ್ಲುಜಾರಿನಲ್ಲಿ ಹಾಲಿಸ್‌ನ ಕುದುರೆ ಮುಗ್ಗರಿಸಿ ಅವನ ಮೇಲೆಯೇ ಬಿದ್ದಿತ್ತು. ಅದರ ಮುಂಗಾಲು ಮುರಿದಿತ್ತು. ಹಾಲಿಸ್‌ನ ಕಾಲು ಅದರ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತ್ತು. ಜೀನಿಗೆ ಕಟ್ಟಿದ್ದ ರೈಫಲ್ಲೂ ಅದರ ಅಡಿಯಲ್ಲೇ. ಮೊದಲು ಹಾಲಿಸ್‌ಗೆ ಪ್ರಜ್ಞೆ ಇತ್ತಂತೆ. ಸೊಂಟದ ರಿವಾಲ್ವರನ್ನು ತೆಗೆದು ಅವಳ ಕೈಗೆ ಕೊಟ್ಟು, ಕುದುರೆಗೆ ಹೊಡಿ ಅಂದನಂತೆ. ಅವಳು ಒಂದು ಗುಂಡು ಹಾರಿಸಿದಳು. ಕುದುರೆ ತಲೆ ಕೊಡವಿದ್ದರಿಂದ ಅದು ದವಡೆಗೆ ತಗುಲಿತು. ನೋವಿಗೆ ಕುದುರೆ ಹುಚ್ಚಾಗಿ ಒದ್ದಾಡಿತು, ಉರುಳಿತು. ಎರಡನೆಯ ಗುಂಡು ಹಾರಲೇ ಇಲ್ಲ. ಕುದುರೆ ಸುಮ್ಮನಾಗುವ ಹೊತ್ತಿಗೆ ಹಾಲಿಸ್ ಸುಮ್ಮನಾಗಿದ್ದ.

ಎರಡನೆಯದು ಯಾಕೆ ಹಾರಲಿಲ್ಲ ಎಂದು ಎಲ್ಲರಿಗಿಂತ ಮೊದಲು ಕೇಳಿದವನು ರಾಯ್ಸ್. ಹೆಣ ಇಳಿಸಿ ತಂದ ದಿನವೇ, ಅವಳ ಅಡುಗೆಮನೆಯಲ್ಲಿ ನಾವೆಲ್ಲ ನಿಂತಿದ್ದಾಗಲೇ ಕೇಳಿದ.

"ಕೈಯಲ್ಲಿ ಕೋವಿ ಇತ್ತಲ್ಲ. ಇನ್ನೊಂದು ಹೊಡೆಯೋಕೆ ಏನಾಗಿತ್ತು ನಿನಗೆ?"

ಲೀಟಾ ಅವನ ಮುಖ ನೋಡಿದಳು. ಆಮೇಲೆ, "ಕೈ ನಡುಗ್ತು ರಾಯ್ಸ್. ಆಗಲಿಲ್ಲ" ಅಂದಳು.

ಮಣ್ಣು ಮಾಡಿದ ಮೇಲೆ ಅವಳು ನನ್ನ ಅಂಗಡಿಗೆ ಬಂದಳು. ಬಾಗಿಲು ಮುಚ್ಚು ಅಂದಳು. ಹಿಂದಿನ ಕೋಣೆಯಲ್ಲಿ ಹಿಟ್ಟಿನ ಚೀಲದ ಬಟ್ಟೆಯೊಂದನ್ನು ಬಿಚ್ಚಿದಳು. ಒಳಗೆ ಆ ರಿವಾಲ್ವರ್. ನಾನು ಕೊಕ್ಕೆ ಎಳೆದೆ, ಬರಲಿಲ್ಲ. ಉರುಳೆಯನ್ನು ಕೈಯಿಂದ ತಿರುಗಿಸಿದೆ, ಅಲುಗಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ತೋಟೆಯೊಂದರ ಗುಂಡು ತನ್ನ ಜಾಗ ಬಿಟ್ಟು ಮುಂದಕ್ಕೆ ತೆವಳಿತ್ತು. ಉರುಳೆಯ ಮೂತಿಯಿಂದ ಅದರ ತಾಮ್ರದ ತುದಿ ಹೊರಗೆ ಬಂದು ಕೋವಿಯ ಮೈಗೆ ಕಚ್ಚಿಕೊಂಡಿತ್ತು.

ಅಲ್ಲಿಗೆ ನನಗೆಲ್ಲ ಅರ್ಥವಾಯಿತು. ಸರಿಯಾದ ಸೀಸದ ಗುಂಡಿನ ಸೊಂಟದ ಸುತ್ತ ಕೊರೆದ ಸಣ್ಣ ತೋಡು ಇರುತ್ತದೆ, ಅದಕ್ಕೆ ನಾವು ಗಾಡಿ ಅನ್ನುತ್ತೇವೆ. ಹಿತ್ತಾಳೆ ಚಿಪ್ಪಿನ ಅಂಚನ್ನು ಆ ಗಾಡಿಯೊಳಕ್ಕೆ ಮಡಚಿ ಬಿಗಿದರೆ ಗುಂಡು ಅಲುಗುವುದಿಲ್ಲ. ಸೈನ್ಯದ ಗುಂಡಿಗೆ ಆ ಗಾಡಿಯೇ ಇಲ್ಲ, ಜೊತೆಗೆ ಒಂದು ಕೂದಲೆಳೆಯಷ್ಟು ಸಣ್ಣದು ಬೇರೆ. ಒಂದು ತೋಟೆ ಹಾರಿದಾಗ ಆಗುವ ಒದೆತಕ್ಕೆ ಉಳಿದವು ಸಡಿಲವಾಗಿ ಮುಂದೆ ಮುಂದೆ ಜಾರುತ್ತವೆ. ಆ ದಿನ ಬೆಳಿಗ್ಗೆ ದನದ ಹತ್ತಿರ ಸುಳಿದ ಕರಡಿಯನ್ನು ಓಡಿಸಲು ಹಾಲಿಸ್ ಆಕಾಶಕ್ಕೆ ಎರಡು ಹಾರಿಸಿದ್ದನಂತೆ. ಮೂರನೆಯದು ಲೀಟಾ ಹಾರಿಸಿದ್ದು. ನಾಲ್ಕನೆಯದು ಅಷ್ಟರಲ್ಲಿ ಉರುಳೆಯ ಬಾಯಿಗೆ ಬಂದು ಅಡ್ಡ ನಿಂತಿತ್ತು.

ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಉರುಳೆ ಬಿಡಿಸಿದೆ. ಅವಳು ಆ ತೋಟೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಗುಂಡು ಚಿಪ್ಪಿನೊಳಗೆ ಹಲ್ಲು ಸಡಿಲಾದ ಹಾಗೆ ಆಡಿತು.

"ಇದು ಎಲ್ಲಿಂದ ಬಂತು ಅಂತ ನಿನಗೂ ಗೊತ್ತು, ನನಗೂ ಗೊತ್ತು" ಅಂದಳು. "ಇಲ್ಲಿಗೇ ಬಿಡು ಆರ್ಲೊ."

"ಊರವರು ನಿನ್ನ ಬಗ್ಗೆ ಏನು ಮಾತಾಡ್ತಿದ್ದಾರೆ ಗೊತ್ತೇನು?"

"ಗೊತ್ತು. ನಾನು ತಡ್ಕೋತೀನಿ. ಅಣ್ಣನ್ನ ಕೊಂದೆ ಅಂತ ಗೊತ್ತಾದ್ರೆ ಅವನು ತಡ್ಕೊಳ್ಳಲ್ಲ."

ನಾನು ಮಾತು ಕೊಟ್ಟೆ.

ಹಾಲಿಸ್ ಮಾಡಿಟ್ಟಿದ್ದ ಆ ತೋಟೆಗಳನ್ನೆಲ್ಲ ಅವಳು ನದಿಗೆ ಎಸೆದಳು. ರಿವಾಲ್ವರನ್ನು ಎಸೆಯಲಿಲ್ಲ. ಹಿಮ ಬೀಳಲು ಶುರುವಾದಾಗ ಮತ್ತೆ ಬಂದಳು. ಗುಂಡು ಆರಿಸುವುದು ಹೇಗೆಂದು ಕಲಿಸು ಅಂದಳು. ನಾನು ಗೊತ್ತಿದ್ದದ್ದನ್ನು ಹೇಳಿಕೊಟ್ಟೆ. ಸೀಸ ಎಷ್ಟು ಮೆತ್ತಗಿರಬೇಕೆಂದರೆ ಉಗುರು ಒತ್ತಿದರೆ ಸಣ್ಣ ಗೆರೆ ಬೀಳಬೇಕು. ತೀರ ಗಟ್ಟಿಯಾದರೆ ಹಳೇ ನಳಿಗೆಯನ್ನು ಸರಿಯಾಗಿ ತುಂಬುವುದಿಲ್ಲ. ಮೂತಿ ಚಪ್ಪಟೆಯಾಗಿದ್ದರೆ ಒಂದೇ ಏಟಿಗೆ ಕೆಲಸ ಮುಗಿಯುತ್ತದೆ. ಮೇಣ ತುಂಬುವ ಗಾಡಿ ಒಂದು, ಚಿಪ್ಪಿನ ಅಂಚು ಮಡಚುವ ಗಾಡಿ ಒಂದು, ಎರಡೂ ಚೊಕ್ಕವಾಗಿರಬೇಕು. ಬುಡದ ಅಂಚು ಎಲ್ಲೂ ಚಕ್ಕೆ ಎದ್ದಿರಬಾರದು. ಕೊನೆಗೆ ಕೋವಿಯ ಉರುಳೆಯನ್ನೇ ಬಿಚ್ಚಿ ತಂದು ಗುಂಡನ್ನು ಒಂದೊಂದು ತೂತಿನಲ್ಲೂ ಹಾಕಿ ನೋಡಬೇಕು. ಬೆರಳಿನಿಂದ ತಳ್ಳಿದರೆ ಹೋಗಬೇಕು, ತಾನಾಗಿಯೇ ಉದುರಬಾರದು.

ಅವಳು ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಳು ಎಂದರೆ ಸಾಲದು. ಕಿಟಕಿಯ ಹತ್ತಿರ ಮರದ ಪೆಟ್ಟಿಗೆಯ ಮೇಲೆ ಕೂತು ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡುವಳು. ನನ್ನ ಕಣ್ಣಿಗೆ ಚೆನ್ನಾಗಿದ್ದವನ್ನೂ ಪಕ್ಕಕ್ಕೆ ಇಡುವಳು. ನಾನು ಅವನ್ನು ಮತ್ತೆ ಕರಗಿಸಲು ಹಾಕುತ್ತಿದ್ದೆ. ಒಲೆಯ ಸುತ್ತ ಕಾಫಿ ಹೀರುತ್ತ ಕೂತ ಗಂಡಸರಿಗೆ ಅದೊಂದು ನೋಟ. ಒಮ್ಮೆ ಅವರಲ್ಲೊಬ್ಬ, ಲೀಟಾ, ಹಾಲಿಸ್‌ನ ಆರಿಸುವಾಗಲೂ ಇಷ್ಟು ತಿರುಗಿಸಿ ನೋಡಿದ್ಯಾ ಎಂದು ಕೇಳಿದ. ಅವಳು ತಲೆ ಎತ್ತದೆ, "ಇಲ್ಲಪ್ಪ. ಅವನು ನೋಡದೇನೇ ಸರಿ ಇದ್ದ" ಅಂದಳು. ಆಮೇಲೆ ಯಾರೂ ಅವಳನ್ನು ಕೆಣಕಲಿಲ್ಲ.

ರಾಯ್ಸ್ ಮಾತ್ರ ಕೆಣಕುತ್ತಿದ್ದ. ಅವಳು ಅಂಗಡಿಯಲ್ಲಿದ್ದಾಗ ಅವನು ಬಂದರೆ, ನನ್ನನ್ನು ನೋಡಿಕೊಂಡು, ಅವಳಿಗೆ ಕೇಳುವಂತೆ ಮಾತಾಡುತ್ತಿದ್ದ. "ಈಗ ಆರಿಸಿ ಏನು ಬಂತು ಆರ್ಲೊ? ನಡುಗೋ ಕೈಗೆ ಚಿನ್ನದ ಗುಂಡು ಕೊಟ್ಟರೂ ಅಷ್ಟೇ." ನನಗೆ ನಿಜ ನಾಲಿಗೆ ತುದಿಗೆ ಬರುತ್ತಿತ್ತು. ಅವಳು ಗುಂಡಿನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಅವರಿಬ್ಬರ ಜಮೀನಿನ ನಡುವೆ ಹೊಸ ಬೇಲಿ ಎದ್ದಿತ್ತು. ಅದರ ತಂತಿ ನನ್ನ ಅಂಗಡಿಯಿಂದಲೇ ಹೋದದ್ದು, ಒಯ್ದವನು ರಾಯ್ಸ್.

ಮೊದಲು ಅವಳನ್ನು ಕರೆದದ್ದು ನದಿಯಾಚೆಯ ಒಬ್ಬ ವಿಧುರ. ಅವನ ಮುದಿ ಕುದುರೆಗೆ ಹೊಟ್ಟೆ ತಿರುಚಿಕೊಂಡಿತ್ತು. ಪಶುವೈದ್ಯ ಇರುವ ಊರು ದೂರ, ದಾರಿಯಲ್ಲಿ ಹಿಮ. ಅವನ ಗೋಡೆಯ ಮೇಲೆ ಎರಡು ಕೋವಿ ತೂಗುತ್ತಿದ್ದವು. ಆದರೆ ಇಪ್ಪತ್ತು ವರ್ಷ ಜೊತೆಗಿದ್ದ ಪ್ರಾಣಿಯ ಹಣೆಗೆ ಗುರಿ ಇಡಲು ಅವನಿಂದ ಆಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಲೀಟಾಳನ್ನು ಕೂಗಿ ಕರೆದ. ಕುದುರೆಯ ಕುತ್ತಿಗೆ ಸವರುತ್ತ ಬಹಳ ಹೊತ್ತು ಏನೋ ಹೇಳಿದಳಂತೆ. ಅದು ತಲೆ ತಗ್ಗಿಸಿತು. ಒಂದೇ ಗುಂಡು.

ಸುದ್ದಿ ಹರಡಿತು. ಆಮೇಲೆ ಕಣಿವೆಯಲ್ಲಿ ಎಲ್ಲಿ ಕುದುರೆ ಕಾಲು ಮುರಿದುಕೊಂಡರೂ ಜನ ಲೀಟಾಳನ್ನು ಕರೆಯುತ್ತಿದ್ದರು. ಬೆನ್ನ ಹಿಂದೆ ಗಂಡನನ್ನು ಉಳಿಸಿಕೊಳ್ಳಲಾಗದವಳು ಎನ್ನುತ್ತಿದ್ದ ಬಾಯಿಗಳೇ ಅವಳ ಬಾಗಿಲು ತಟ್ಟುತ್ತಿದ್ದವು. ಅವಳು ಯಾರಿಗೂ ಇಲ್ಲ ಎನ್ನಲಿಲ್ಲ. ಕೆಲಸ ಮುಗಿದ ಮೇಲೆ ಉಳಿದ ತೋಟೆಗಳನ್ನು ಹೊರಗೆ ತೆಗೆದು, ಒಂದೊಂದರ ಕತ್ತನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ತುಂಬಿಕೊಳ್ಳುವಳು. ಕಾಫಿಗೆ ಕರೆದರೆ ಕೂರುತ್ತಿರಲಿಲ್ಲ. ಮನೆಗೆ ಹೋಗಿ ಹಾಸಿಗೆ ಹಿಡಿದು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳೇ ಸೂಪು ಮಾಡಿ ಒಯ್ದುಕೊಡುತ್ತಿದ್ದಳು. ಇಷ್ಟು ಸಂಕಟವಾದರೆ ಯಾಕೆ ಹೋಗ್ತೀಯೆ ಎಂದು ಇವಳು ಕೇಳಿದರೆ, ಆ ದಿನ ಕೇಳಿದ ಕುದುರೆಯ ಕೂಗು ಇನ್ನೊಂದು ಸಲ ಕೇಳೋದಕ್ಕಿಂತ ಇದೇ ವಾಸಿ ಎಂದಳಂತೆ.

ವರ್ಷಗಳು ಹೀಗೇ ಹೋದವು. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ನಾನು ರಾಯ್ಸ್‌ನ ಜಮೀನಿಗೆ ಗೇಟಿನ ಕೀಲು ಕೊಡಲು ಟ್ರಕ್‌ನಲ್ಲಿ ಹೋದೆ. ದಾರಿಯ ಬಾಯಲ್ಲಿ, ದನ ದಾಟದ ಹಾಗೆ ನೆಲದಲ್ಲಿ ಕಬ್ಬಿಣದ ಪೈಪು ಸಾಲಾಗಿ ಹಾಸಿದ ಕಡೆ, ಅವನ ಹೆಣ್ಣು ಕುದುರೆ ಎರಡೂ ಮುಂಗಾಲು ಪೈಪಿನ ಸಂದಿಗೆ ಇಳಿಬಿಟ್ಟು ಕೂತಿತ್ತು. ಎರಡೂ ಮುರಿದಿದ್ದವು. ಹಾಲಿಸ್‌ನ ಮನೆಯ ತಳಿಯ ಕುದುರೆ ಅದು, ಅಣ್ಣನ ಕೊನೆಯ ಗುರುತು. ರಾಯ್ಸ್ ಹಿಮದಲ್ಲಿ ಮೊಣಕಾಲೂರಿ ಅದರ ತಲೆ ತೊಡೆಯ ಮೇಲಿಟ್ಟುಕೊಂಡಿದ್ದ. ರೈಫಲ್ ಪಕ್ಕದಲ್ಲಿ ಬಿದ್ದಿತ್ತು. ಎರಡು ಸಲ ಎತ್ತಿದೆ, ಆಗ್ತಿಲ್ಲ ಅಂದ. ನಾನು ಹೊಡೆಯಲೇ ಎಂದು ಕೇಳಿದೆ. ನನ್ನ ಕಣ್ಣು ಆಗಲೇ ಮಂಜಾಗಿದ್ದದ್ದು ಅವನಿಗೂ ಗೊತ್ತು. ಬೇಡ ಎಂದು ತಲೆ ಆಡಿಸಿದ.

"ಲೀಟಾನ ಕರ್ಕೊಂಡು ಬರ್ಲಾ?"

ಅವನು ಕುದುರೆಯ ಕತ್ತಿಗೆ ಮುಖ ಒತ್ತಿಕೊಂಡ. ನಾನು ಟ್ರಕ್ ತಿರುಗಿಸಿದೆ.

ಲೀಟಾ ಕೋಟು ಹಾಕಿಕೊಂಡು ಟ್ರಕ್ ಹತ್ತಿದಳು. ಅಲ್ಲಿ ಇಳಿದವಳೇ ಕುದುರೆಯ ಪಕ್ಕ ಕೂತು ಅದರ ಕಿವಿಯ ಹಿಂದೆ ಕೆರೆದಳು, ಹಾಲಿಸ್ ಅದರ ತಾಯಿಯನ್ನು ಕರೆಯುತ್ತಿದ್ದ ಹೆಸರಿನಿಂದ ಕರೆದಳು. ರಾಯ್ಸ್‌ಗೆ, "ಆ ಕಡೆ ನೋಡು" ಎಂದಷ್ಟೇ ಹೇಳಿದಳು. ಅವನು ಆ ಕಡೆ ನೋಡಲಿಲ್ಲ. ಅವಳ ಕೈಯನ್ನೇ ನೋಡುತ್ತಿದ್ದ. ಅದು ನಡುಗಲಿಲ್ಲ.

ಸದ್ದು ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಕುದುರೆಯ ತಲೆ ಅವನ ತೊಡೆಯ ಮೇಲೆಯೇ ಭಾರವಾಯಿತು. ಲೀಟಾ ಎದ್ದು ಸ್ವಲ್ಪ ದೂರ ಹೋಗಿ, ತನ್ನ ವಾಡಿಕೆಯಂತೆ ಉಳಿದ ತೋಟೆಗಳನ್ನು ಅಂಗೈಗೆ ಸುರಿದುಕೊಂಡು ಒಂದೊಂದರ ಕತ್ತನ್ನೇ ಒತ್ತಿ ನೋಡತೊಡಗಿದಳು. ರಾಯ್ಸ್ ಎದ್ದು ಹತ್ತಿರ ಹೋದ.

"ಅದೇನು ಹಾಗೆ ನೋಡ್ತಿರೋದು?"

"ಅಭ್ಯಾಸ" ಅಂದಳು.

ಅವನು ಕೈ ಚಾಚಿದ. ಅವಳು ಕೊಡಲು ಹಿಂದೆಮುಂದೆ ನೋಡಿ, ಕೊನೆಗೆ ಒಂದನ್ನು ಕೊಟ್ಟಳು. ಬೂದುಬಣ್ಣದ ಚಪ್ಪಟೆ ಮೂತಿ, ಗಾಡಿಯೊಳಗೆ ಕಚ್ಚಿ ಕೂತ ಹಿತ್ತಾಳೆಯ ಅಂಚು. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ. ಮತ್ತೊಮ್ಮೆ ಆಡಿಸಿದ. ವಾಪಸು ಕೊಟ್ಟ.

ಅದೇ ವಾರ ಅವನು ನನ್ನ ಅಂಗಡಿಗೆ ಬಂದ. ಕೈಯಲ್ಲಿ ತುಕ್ಕು ಹಿಡಿದ ಕಾಫಿ ಡಬ್ಬ. ಅದನ್ನು ಕೌಂಟರಿನ ಮೇಲೆ ಬೋರಲು ಹಾಕಿದ. ಹಳೇ ಮೂಟೆಯಲ್ಲಿ ಮಿಕ್ಕಿದ್ದ ತಾಮ್ರದ ಗುಂಡುಗಳು ಉರುಳಿ ನೆಲಕ್ಕೂ ಬಿದ್ದವು.

"ಕೈ ನಡುಗಿದ್ದಲ್ಲ. ಇವಕ್ಕೆ ಅಂಚು ಕಚ್ಚೋ ಗಾಡಿಯೇ ಇಲ್ಲ. ಕೋವಿ ಕಚ್ಚಿಕೊಂಡಿತ್ತು. ಹೌದೋ ಅಲ್ವೋ?"

ನಾನು ಮಾತು ಕೊಟ್ಟಿದ್ದೆ. ಬಗ್ಗಿ ನೆಲದ ಮೇಲಿನ ಗುಂಡುಗಳನ್ನು ಹೆಕ್ಕತೊಡಗಿದೆ. ಎಲ್ಲ ಹೆಕ್ಕಿ ತಲೆ ಎತ್ತಿದಾಗಲೂ ಅವನು ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ಟೋಪಿ ತಲೆಗಿಟ್ಟುಕೊಂಡು ಹೊರಟುಹೋದ.

ಮುಂದಿನದು ಲೀಟಾಳೇ ಹೇಳಿದ್ದು. ಅವಳು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳಂತೆ. ಅವನು ಬೇಲಿಯ ಆಚೆಯಲ್ಲೇ ನಿಂತು, ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದರೆ ಹಾಲಿಸ್ ಎದ್ದು ಬರುತ್ತಿದ್ದನೇ ಎಂದಳು ಇವಳು. ನೀನು ಬೇಕೆಂದು ಕೊಟ್ಟದ್ದಲ್ಲ, ಪ್ರೀತಿಯಿಂದ ಕೊಟ್ಟೆ, ಅವನು ಪ್ರೀತಿಯಿಂದ ತಗೊಂಡ, ಅಷ್ಟೇ ಎಂದಳು. ಬಾ, ಕಾಫಿ ಇದೆ ಎಂದು ಒಳಗೆ ಕರೆದಳು. ಅವನು ತಂತಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಇದ್ದ. ಆಮೇಲೆ ತನ್ನ ಮನೆಯ ಕಡೆ ನಡೆದುಬಿಟ್ಟ.

ಈಗಲಾದರೂ ಭಾನುವಾರ ಊಟಕ್ಕೆ ಬಂದಾನೆಂದು ನಾನು ಎಣಿಸಿದ್ದೆ. ಬರಲಿಲ್ಲ. ಮೊದಲು ಸಿಟ್ಟಿನಿಂದ ದೂರವಿದ್ದವನು ಈಗ ನಾಚಿಕೆಯಿಂದ ದೂರವಾದ. ಸಿಟ್ಟಿಗೆ ಒಂದು ಕೊನೆಯಾದರೂ ಇರುತ್ತದೆ. ಅವನು ಅಂಗಡಿಗೆ ಬಂದಾಗ ಹೊರಗೆ ಅವಳ ಟ್ರಕ್ ಕಂಡರೆ ನಿಲ್ಲಿಸದೆ ಮುಂದೆ ಹೋಗಿಬಿಡುತ್ತಿದ್ದ. ಬೆಳಗಾಗುವ ಮೊದಲೇ ಬಂದು ಅವಳ ಬೇಲಿ ಸರಿಮಾಡಿ ಹೋಗುತ್ತಿದ್ದ, ಹುಲ್ಲಿನ ಮೂಟೆ ಇಳಿಸಿ ಹೋಗುತ್ತಿದ್ದ. ಅವಳು ಬಾಗಿಲು ತೆಗೆಯುವಷ್ಟರಲ್ಲಿ ಟ್ರಕ್‌ನ ಹೊಗೆ ಮಾತ್ರ ಇರುತ್ತಿತ್ತು. ಅವಳು ಭಾನುವಾರ ಎರಡು ತಟ್ಟೆ ಇಡುವುದನ್ನು ಶುರುಮಾಡಿದ್ದಳು. ಕೆಲವು ತಿಂಗಳ ಮೇಲೆ ಬಿಟ್ಟಳು.

ಒಂದು ದಿನ ಕಿಟಕಿಯ ಹತ್ತಿರ ಗುಂಡು ಆರಿಸುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು: "ಬೈಯೋವಾಗಾದ್ರೂ ಎದುರಿಗೆ ಬರ್ತಿದ್ದ ಆರ್ಲೊ. ಒಂದು ಮಾತು ಕಿವಿಗೆ ಬೀಳ್ತಿತ್ತು. ಈಗ ಅದೂ ಇಲ್ಲ."

ನಾನೇ ಹೋಗಿ ಅವನಿಗೆ ಬುದ್ಧಿ ಹೇಳಿದೆ. ಅವಳು ಕ್ಷಮಿಸಿ ಬಹಳ ಕಾಲವಾಯಿತು ಕಣೋ, ನೀನು ತಿಳಿಯುವ ಮೊದಲೇ ಕ್ಷಮಿಸಿದ್ದಳು ಎಂದೆ. ಅವನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಬಾಚುವುದನ್ನು ನಿಲ್ಲಿಸದೆ, "ಅದೇ ನನ್ನಿಂದ ನೋಡೋಕಾಗ್ತಿಲ್ಲ" ಅಂದ.

ಕೊನೆಯ ವರ್ಷಗಳಲ್ಲಿ ಹತ್ತಿರದ ಊರಿಗೇ ಪಶುವೈದ್ಯ ಬಂದ. ಸೂಜಿ ಚುಚ್ಚಿ ಮಲಗಿಸುವ ಕ್ರಮ ಬಂತು. ಲೀಟಾಳನ್ನು ಕರೆಯುವುದು ಕಮ್ಮಿಯಾಯಿತು, ಆಮೇಲೆ ನಿಂತಿತು. ಅವಳಿಗೆ ಅದು ನೆಮ್ಮದಿಯೇ ಆಗಿತ್ತು. ಒಂದು ಫೆಬ್ರವರಿಯಲ್ಲಿ ನನ್ನ ಹೆಂಡತಿ ಬ್ರೆಡ್ ಕೊಡಲು ಹೋದಾಗ ಲೀಟಾ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು. ಪಾರ್ಶ್ವವಾಯು ಎಂದರು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಮಾತು ಬರಲಿಲ್ಲ. ನಾನು ರಾಯ್ಸ್‌ಗೆ ಹೇಳಿ ಕಳಿಸಿದೆ. ಅವನು ಆಸ್ಪತ್ರೆಯ ಮೆಟ್ಟಿಲವರೆಗೆ ಬಂದು ಒಂದು ಗಂಟೆ ನಿಂತಿದ್ದನೆಂದು ಆಮೇಲೆ ಬಾಗಿಲು ಕಾಯುವವನು ಹೇಳಿದ. ಮೇಲೆ ಹತ್ತಲಿಲ್ಲ.

ಲೀಟಾಳ ಗುಂಡಿ ತೋಡಲು ಚರ್ಚಿನವರು ಯಂತ್ರ ತರಿಸುತ್ತೇವೆ ಅಂದರು. ರಾಯ್ಸ್ ಬೇಡ ಅಂದ. ಹೆಪ್ಪುಗಟ್ಟಿದ ನೆಲ, ಕಲ್ಲಿನಷ್ಟು ಗಟ್ಟಿ. ಹಾಲಿಸ್‌ನ ಪಕ್ಕದಲ್ಲಿ ಒಬ್ಬನೇ ಗುದ್ದಲಿ ಹಿಡಿದು ದಿನವಿಡೀ ತೋಡಿದ. ಆಗವನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಸಹಾಯಕ್ಕೆ ಹೋದವರನ್ನು ಹಿಂದಕ್ಕೆ ಕಳಿಸಿದ. ನನ್ನನ್ನು ಮಾತ್ರ ನಿಲ್ಲಲು ಬಿಟ್ಟ. ನಾನು ಕಣಿವೆಯ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವನು ತೋಡುತ್ತಿದ್ದ.

ಮಣ್ಣು ಮಾಡಿದ ಮೇಲೆ ಎಲ್ಲರೂ ಚರ್ಚಿನ ಹಜಾರಕ್ಕೆ ಊಟಕ್ಕೆ ಹೋದೆವು. ಹಂದಿಮಾಂಸದ ಹ್ಯಾಮ್, ಆಲೂಗಡ್ಡೆ, ಹೆಂಗಸರು ತಂದ ಹಣ್ಣಿನ ಪೈಗಳು. ಜನ ಅವಳು ಯಾರ ಯಾರ ಕುದುರೆಗೆ ಎಷ್ಟು ಮೆತ್ತಗೆ ಬಿಡುಗಡೆ ಕೊಟ್ಟಳೆಂದು ಮಾತಾಡುತ್ತಿದ್ದರು. ಗಂಡನ ವಿಷಯ ಯಾರೂ ಎತ್ತಲಿಲ್ಲ. ಅವಳ ಕೈ ನಡುಗಿತೆಂದಷ್ಟೇ ಅವರಿಗೆ ಗೊತ್ತಿದ್ದದ್ದು, ಅದು ಸುಳ್ಳು. ರಾಯ್ಸ್ ಒಳಗೆ ಬರಲಿಲ್ಲ. ಹೊರಗೆ ಟ್ರಕ್‌ನಲ್ಲಿ, ಎಂಜಿನ್ ಆರಿಸಿ, ಕೈಗವಸು ಹಾಕದೆ ಕೂತಿದ್ದ. ನಾನೊಂದು ತಟ್ಟೆ ತುಂಬಿಸಿಕೊಂಡು ಹೋಗಿ ಅವನ ಪಕ್ಕದ ಬಾಗಿಲು ತೆಗೆದು ಹತ್ತಿದೆ. ಅವನ ಅಂಗೈಯ ಬೊಬ್ಬೆಗಳು ಒಡೆದು ರಕ್ತ ಒಸರುತ್ತಿತ್ತು. ಚಮಚ ಹಿಡಿಯಲು ಆಗುತ್ತಿರಲಿಲ್ಲ.

"ಒಳಗೆ ಅವರಿಗೆ ಹೇಳಿಬಿಡ್ಲಾ ಆರ್ಲೊ?" ಅಂದ.

"ಅವಳು ಬೇಡ ಅಂದಿದ್ಲು."

ನಾನು ಹ್ಯಾಮನ್ನು ಸಣ್ಣದಾಗಿ ಕತ್ತರಿಸಿಕೊಟ್ಟೆ. ಅವನು ಬೆರಳಿನಿಂದಲೇ ಎತ್ತಿಕೊಂಡು ತಿನ್ನತೊಡಗಿದ.